ನಾಲ್ಕು ಸಾಲಿಗೆ ಒಂದು ಪುಟ: ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ ನನ್ನ ಹನಿಗವನದ ಪುಸ್ತಕ

ಸ್ವಂತ ಖರ್ಚಿನಲ್ಲಿ ನೂರು ಪ್ರತಿ ಹನಿಗವನದ ಪುಸ್ತಕ ಮಾಡಿಸಬೇಕು ಅಂತ ಯೋಚಿಸುತ್ತಿರುವವರಿಗೆ ಈ ಬರಹ. ನಾನು ಮಾಡಿಸಿದ್ದು ಹುಬ್ಬಳ್ಳಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ. ಹೆಸರು ಬರೆಯುವುದಿಲ್ಲ. ಹೊಗಳಿಕೆಯ ಜೊತೆ ದೂರುಗಳೂ ಇವೆ, ಅವರ ಹತ್ತಿರ ನನಗಿನ್ನೂ ಕೆಲಸವೂ ಇದೆ. ಇಂಥ ಪ್ರೆಸ್ಸು ನಿಮ್ಮ ಊರಿನಲ್ಲೂ ಇರುತ್ತದೆ. ಮುಂದೆ ಲಗ್ನಪತ್ರಿಕೆಯ ಸ್ಯಾಂಪಲ್ಲುಗಳು, ಒಳಗೆ ಎರಡು ಕಂಪ್ಯೂಟರ್, ಹಿಂದೆ ಕಟಿಂಗ್ ಮಷೀನು.

ನಾನು ಅಂಕೋಲಾದವಳು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದೆ. ಚುಟುಕು ಬ್ರಹ್ಮ ಎಂದೇ ಹೆಸರಾದ ದಿನಕರ ದೇಸಾಯಿಯವರು ನಮ್ಮ ತಾಲ್ಲೂಕಿನವರೇ. ಅವರು ತೀರಿಕೊಂಡದ್ದು 1982ರಲ್ಲಿ. ಅವರ ಚೌಪದಿ ಬಾಯಿಪಾಠ ಹೇಳುವ ಹಿರಿಯರು ನಮ್ಮ ಕಡೆ ಈಗಲೂ ಸಿಗುತ್ತಾರೆ. ಹಾಗಾಗಿ ನಾಲ್ಕು ಸಾಲು ಹೊಸೆಯುವುದು ಇಲ್ಲಿ ದೊಡ್ಡ ಸಂಗತಿಯೇನಲ್ಲ. ನನಗಂತೂ ಅದಕ್ಕಿಂತ ಉದ್ದ ಬರೆಯಲು ಪುರುಸೊತ್ತೇ ಇರಲಿಲ್ಲ. ನೈಟ್ ಡ್ಯೂಟಿಯಲ್ಲಿ ಎರಡು ರೌಂಡಿನ ನಡುವೆ, ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದದ್ದು ಇಂಥವು:

ಡ್ರಿಪ್ ಬಾಟಲಿ ಖಾಲಿಯಾದರೆ
ಬೆಲ್ ಒತ್ತುತ್ತಾರೆ.
ಮನಸ್ಸು ಖಾಲಿಯಾದವರು
ಸುಮ್ಮನೆ ಮಲಗಿರುತ್ತಾರೆ.

ವಾರ್ಡಿನಲ್ಲಿ ನರ್ಸ್ ಅಳುವ ಹಾಗಿಲ್ಲ, ಸಿಟ್ಟು ಮಾಡುವ ಹಾಗೂ ಇಲ್ಲ. ಎರಡೂ ಹಾಳೆಗೆ ಹೋದವು. ಎಲ್ಲವೂ ಅಳುವಿನವೇ ಅಲ್ಲ, ಮನೆಯ ತಮಾಷೆಯೂ ಇದೆ:

ಹೊಸದರಲ್ಲಿ ಇವರು
ನನ್ನ ಕಣ್ಣು ಓದುತ್ತಿದ್ದರು.
ಈಗ ಕರೆಂಟ್ ಬಿಲ್ ಓದಲು
ನನ್ನ ಕನ್ನಡಕ ಕೇಳುತ್ತಾರೆ.

ಮೊದಲು ಒಂದು ಪ್ರಕಾಶನದವರನ್ನು ಫೋನಿನಲ್ಲಿ ವಿಚಾರಿಸಿದ್ದೆ. ಅವರದು ‘ಪ್ಯಾಕೇಜ್’. ಅದರಲ್ಲಿ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಕೊಡಿಸುವುದಕ್ಕೂ ಒಂದು ಮೊತ್ತ ಬರೆದಿದ್ದರು. ಇದನ್ನು ಎಲ್ಲರೂ ತಿಳಿದಿರಬೇಕು: ನಮ್ಮ ದೇಶದಲ್ಲಿ ಐಎಸ್‌ಬಿಎನ್ ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿ. ಶುಲ್ಕವಿಲ್ಲ, ಲೇಖಕರು ತಾವೇ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಮೊದಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಇದೆ, ಆದರೆ ಅದು ಯುವ ಬರಹಗಾರರಿಗೆ. ನನ್ನ ಪುಸ್ತಕ ಹೊಸದು, ನಾನಲ್ಲ.

ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಹೋಗಿದ್ದಕ್ಕೆ ಕಾರಣ ಒಬ್ಬಳು ಡಿಟಿಪಿ ಹುಡುಗಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವವಳು. ನಮ್ಮ ಸಂಬಂಧಿಕರೊಬ್ಬರ ಸಂಸ್ಮರಣ ಪುಸ್ತಕವನ್ನು ಅವಳೇ ಜೋಡಿಸಿದ್ದಳು, ತಪ್ಪುಗಳು ಬಹಳ ಕಡಿಮೆ ಇದ್ದವು. ಕನ್ನಡದಲ್ಲಿ ಇದು ಸುಲಭದ ಕೆಲಸವಲ್ಲ. ನಾವು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಪುಟ ಜೋಡಿಸಲು ಪ್ರೆಸ್ಸಿನವರು ಬಳಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರಿಗೆ ಅದು ಅರ್ಥವಾಗುವುದಿಲ್ಲ, ನುಡಿ ಫಾಂಟಿಗೆ ಬದಲಾಯಿಸಬೇಕು. ಬದಲಾಯಿಸುವಾಗ ಒತ್ತಕ್ಷರ, ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂರುತ್ತವೆ. ಕಥೆಯಾದರೆ ಓದುಗರು ಸರಿಮಾಡಿಕೊಂಡು ಮುಂದೆ ಹೋಗುತ್ತಾರೆ. ಹತ್ತು ಶಬ್ದದ ಕವಿತೆಯಲ್ಲಿ ಒಂದು ಶಬ್ದ ಕೆಟ್ಟರೆ ಉಳಿಯುವುದೇನು?

ಅದಕ್ಕಿಂತ ದೊಡ್ಡ ಅಪಾಯ ಸಾಲು ಒಡೆಯುವುದು. ಆಯಿ, ಅಂದರೆ ಅಮ್ಮ, ತೀರಿಕೊಂಡ ಮೇಲೆ ಬರೆದದ್ದೊಂದು ಹೀಗಿದೆ:

ಆಯಿಯ ಸೀರೆ ಕೊಟ್ಟುಬಿಟ್ಟೆವು
ಎಲ್ಲ,
ಒಂದನ್ನು ಬಿಟ್ಟು.

ಅದನ್ನು ಯಾರೂ ಉಡುವುದಿಲ್ಲ.

ಸಾಮಾನ್ಯವಾಗಿ ಡಿಟಿಪಿಯವರು ಇಂಥದ್ದನ್ನು ಕಂಡರೆ ‘ಎಲ್ಲ’ವನ್ನು ಎತ್ತಿ ಮೇಲಿನ ಸಾಲಿಗೆ ಸೇರಿಸುತ್ತಾರೆ. ಕೊನೆಯ ಸಾಲಿನ ಮೇಲಿನ ಖಾಲಿ ಜಾಗವನ್ನು ಟೈಪಿಂಗ್ ತಪ್ಪು ಅಂತ ತೆಗೆದುಬಿಡುತ್ತಾರೆ. ಈ ಹುಡುಗಿ ಕೆಲಸ ನಿಲ್ಲಿಸಿ ಕೇಳಿದಳು: “ಅಕ್ಕಾರ, ಇಲ್ಲಿ ‘ಎಲ್ಲ’ ಅನ್ನೂದು ಒಂದ ಶಬ್ದ ಒಂದ ಸಾಲಿನ್ಯಾಗ ಐತಿ. ಹಂಗ ಬಿಡ್ಲೇನ್ರಿ?” ಬಿಡಮ್ಮಾ ಅಂದೆ. “ಕೆಳಗ ಜಾಗಾ ಜಾಸ್ತಿ ಬಿಡ್ತೀನ್ರಿ. ಲಗೂನ ಓದಬಾರ್ದು ಇದನ್ನ” ಅಂದಳು.

ವಿಮರ್ಶಕರು ಪುಟಗಟ್ಟಲೆ ಬರೆಯುವುದನ್ನು ಇವಳು ಮೌಸ್ ಹಿಡಿದುಕೊಂಡೇ ಹೇಳಿದಳು. ನನ್ನ ಹಣ ಅಲ್ಲೇ ವಸೂಲಾಯಿತು.

ಮಾಲೀಕರ ಲೆಕ್ಕ ಬೇರೆ. ಪುಟಕ್ಕೆ ಮೂರು ಕವಿತೆ ಹಾಕಿದರೆ 32 ಪುಟದಲ್ಲಿ ಮುಗಿಯುತ್ತದೆ, ಸೆಂಟರ್ ಪಿನ್ ಹೊಡೆದರೆ ಸಾಕು ಅಂದರು. ಉಳಿತಾಯವೇನೋ ನಿಜ. ಆದರೆ ಹನಿಗವನದ ಜೀವ ಕೊನೆಯ ಸಾಲಿನಲ್ಲಿರುತ್ತದೆ. ಮೂರು ಕವಿತೆ ಒತ್ತಿ ಕೂತರೆ, ಮೊದಲನೆಯದನ್ನು ಓದುವಾಗಲೇ ಎರಡನೆಯದರ ಕೊನೆ ಕಣ್ಣಿಗೆ ಬೀಳುತ್ತದೆ. ಜೋಕ್ ಹೇಳುವ ಮೊದಲೇ ಪಕ್ಕದವನು ನಕ್ಕ ಹಾಗೆ. ಕೊನೆಗೆ ಪುಟಕ್ಕೊಂದರಂತೆ 64 ಪುಟ ಅಂತ ಒಪ್ಪಿಸಿದೆ. ತಮಾಷೆಯ ಕೆಲವನ್ನು ಮಾತ್ರ ಜೋಡಿಯಾಗಿ ಹಾಕಿದ್ದಾರೆ, ಅವು ಜಗಳವಾಡುವುದಿಲ್ಲ. ಸಾಲುಗಳ ನಡುವೆ ಜಾಗವನ್ನೂ ಆ ಹುಡುಗಿ ಧಾರಾಳವಾಗಿ ಬಿಟ್ಟಿದ್ದಾಳೆ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಈಗ ದೂರುಗಳು. ಮೊದಲನೆಯದು ಕಾಗದ. ಕೇಳದೆಯೇ 70 ಜಿಎಸ್‌ಎಂ ಮ್ಯಾಪ್‌ಲಿಥೋ ಹಾಕಿದ್ದಾರೆ. ಮ್ಯಾಪ್‌ಲಿಥೋ ಅಂದರೆ ಪುಸ್ತಕಕ್ಕೆ ಬಳಸುವ ಸಾದಾ ಕಾಗದ; ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಗ್ರಾಮಿನಲ್ಲಿ, ಕಡಿಮೆಯಾದಷ್ಟೂ ಕಾಗದ ತೆಳು. ಕಾದಂಬರಿಗೆ ಅದು ಸಾಕು, ಪುಟದ ತುಂಬ ಅಕ್ಷರ ಇರುತ್ತದಲ್ಲ. ನಾಲ್ಕು ಸಾಲಿನ ಪುಟದಲ್ಲಿ ಮುಕ್ಕಾಲು ಪಾಲು ಖಾಲಿ. ಆ ಖಾಲಿಯಲ್ಲಿ ಹಿಂದಿನ ಪುಟದ ಕವಿತೆ ತಿರುಗುಮುರುಗಾಗಿ ಕಾಣುತ್ತದೆ. ಸೀರೆಯ ಕವಿತೆಯ ಕೆಳಗೆ ನಮ್ಮ ಮನೆಯವರು ಕೇಳಿದ ಕನ್ನಡಕ ಮಸುಕಾಗಿ ಇಣುಕುತ್ತದೆ! ಕವಿತೆಗೆ 80 ಜಿಎಸ್‌ಎಂಗಿಂತ ಕಡಿಮೆ ಬೇಡ. ಬೆಳ್ಳಗೆ ಹೊಳೆಯುವುದರ ಬದಲು ನ್ಯಾಚುರಲ್ ಶೇಡ್, ಅಂದರೆ ತುಸು ಕೆನೆ ಬಣ್ಣದ್ದು, ಕೇಳಿ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಕೊಟೇಶನ್ ಚೀಟಿಯಲ್ಲೇ ಬರೆಸಿ.

ಎರಡನೆಯದು ಮುಖಪುಟ. ಅದನ್ನು ಮಾಡುವವನು ಬೇರೆ ಹುಡುಗ, ಅವನು ಪುಸ್ತಕದ ಒಂದು ಸಾಲೂ ಓದಿರಲಿಲ್ಲ. ಕವಿತೆ ಅಂದ ಕೂಡಲೇ ಅವನಿಗೆ ಹೊಳೆದದ್ದು ಮುಳುಗುವ ಸೂರ್ಯ, ನವಿಲುಗರಿ, ಒಂದು ಹನಿ ಕಣ್ಣೀರು. ಅದು ಬೇಡವೆಂದರೆ ಉರಿಯುವ ಮೋಂಬತ್ತಿ ಬಂತು. ಸುಮ್ನೆ ಒಂದೇ ಬಣ್ಣ ಹಾಕಿ, ಹೆಸರು ಬರೆದು ಬಿಡಪ್ಪ ಅಂತ ಕೈಮುಗಿದೆ. ಪುಸ್ತಕದ ಬೆನ್ನಿನ ಮೇಲೆ ಹೆಸರು ಹಾಕುವ ಆಸೆಯಿದ್ದರೆ ಬಿಟ್ಟುಬಿಡಿ. 64 ಪುಟದ ಪುಸ್ತಕಕ್ಕೆ ಬೆನ್ನು ಅಂತ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ.

ಖರ್ಚು: ಡಿಟಿಪಿಗೆ ಪುಟಕ್ಕೆ 30 ರೂಪಾಯಿ, ಮುದ್ರಣ ಮತ್ತು ಬೈಂಡಿಂಗ್ ಸೇರಿ ಪ್ರತಿಗೆ 70ರ ಹತ್ತಿರ. ನೂರು ಪ್ರತಿಗೆ ಡಿಜಿಟಲ್ಲೇ, ಅಂದರೆ ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸುವುದೇ ಸರಿ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಇರುತ್ತದೆ, ಐನೂರೋ ಸಾವಿರವೋ ಪ್ರತಿಯಾದರೆ ಮಾತ್ರ ಅದು ಹೊಂದುತ್ತದೆ. ಅಷ್ಟು ಪ್ರತಿ ಮಾಡಿಸಿ ಅಟ್ಟದ ಮೇಲೆ ಕಟ್ಟಿಟ್ಟ ಕವಿಗಳು ನಮ್ಮ ತಾಲ್ಲೂಕಿನಲ್ಲೇ ಇದ್ದಾರೆ. ಬಸ್ ಪಾರ್ಸಲ್ಲಿನಲ್ಲಿ ಕಟ್ಟು ಸರಿಯಾಗಿ ಬಂತು. ಹಳೆಯ ಸಹೋದ್ಯೋಗಿಗಳಿಗೆ ಹಂಚಿದೆ. ಒಬ್ಬಳು ಡ್ರಿಪ್ ಕವಿತೆಯ ಪುಟವನ್ನು ಡ್ಯೂಟಿ ರೂಮಿನ ಗೋಡೆಗೆ ಅಂಟಿಸಿದ್ದಾಳಂತೆ. ಹರಿದು ಅಂಟಿಸಿದ್ದಾಳೋ, ಜೆರಾಕ್ಸ್ ಮಾಡಿಸಿದ್ದಾಳೋ ಕೇಳಲಿಲ್ಲ.

ಅಕ್ಷರ ಜೋಡಣೆಗೆ ಐದಕ್ಕೆ ಐದು, ಕಾಗದಕ್ಕೆ ಎರಡು, ಮುಖಪುಟಕ್ಕೆ ಒಂದು. ಇಷ್ಟಾದರೂ ಇನ್ನೊಂದು ನೂರು ಪ್ರತಿಗೆ ಅಲ್ಲೇ ಹೇಳಿದ್ದೇನೆ, ಈ ಸಲ 80 ಜಿಎಸ್‌ಎಂ ಅಂತ ಚೀಟಿಯಲ್ಲಿ ಬರೆಸಿಕೊಂಡು. ನೀವು ಇಂಥ ಯಾವುದೇ ಪ್ರೆಸ್ಸಿಗೆ ಹೋಗುವುದಾದರೆ ಆಷಾಢದಲ್ಲೋ ಧನುರ್ಮಾಸದಲ್ಲೋ ಹೋಗಿ. ಮದುವೆ ಸೀಸನ್ನಿನಲ್ಲಿ ಇಡೀ ಪ್ರೆಸ್ಸು ಲಗ್ನಪತ್ರಿಕೆಯಲ್ಲಿ ಮುಳುಗಿರುತ್ತದೆ. ಆಗ ನಿಮ್ಮ ಸಾಲು ಎಲ್ಲಿ ಒಡೆಯಬೇಕು ಅಂತ ಕೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.