ತೀರ್ಥನ್ ನದಿಯಲ್ಲಿ ಟ್ರೌಟ್ ಹಿಡಿಯುವ ಒಂದು ದಿನ: ಗುಶೈಣಿಯ ಹೋಂಸ್ಟೇಯೊಂದರ ಫ್ಲೈ ಫಿಶಿಂಗ್ ಸೇವೆಯ ವಿಮರ್ಶೆ

ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಯಲ್ಲಿ, ಗುಶೈಣಿ ಎಂಬ ಊರಿನ ಸಮೀಪ ನದಿಗೆ ತಾಗಿಕೊಂಡಿರುವ ಹೋಂಸ್ಟೇಯೊಂದರವರು, ತಮ್ಮಲ್ಲಿ ಉಳಿಯುವವರಿಗೆ ಟ್ರೌಟ್ ಮೀನಿನ ಫ್ಲೈ ಫಿಶಿಂಗ್, ಅಂದರೆ ಗರಿ, ನೂಲು ಸುತ್ತಿ ಹುಳದಂತೆ ಮಾಡಿದ ಹಗುರವಾದ ಕೊಕ್ಕೆಯಿಂದ (ಅದೇ ಫ್ಲೈ) ಮೀನು ಹಿಡಿಯುವುದನ್ನು ಕಲಿಸಿ, ಇಡೀ ದಿನ ಜೊತೆಗಿದ್ದು ಹಿಡಿಸುವ ಏರ್ಪಾಡು ಮಾಡಿಕೊಂಡಿದ್ದಾರೆ. ಕಳೆದ ಅಕ್ಟೋಬರಿನಲ್ಲಿ ಅಡೂರಿನ ಯುವಮಿತ್ರರೊಬ್ಬರ ಜೊತೆ ಅಲ್ಲಿಗೆ ಹೋಗಿಬಂದ ಮೇಲೆ ಕಾಸರಗೋಡು, ಮುಳ್ಳೇರಿಯ, ಬದಿಯಡ್ಕ ಕಡೆಯ ಗಾಳಪ್ರಿಯರು ಹಲವರು ವಿಚಾರಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಹೋಂಸ್ಟೇಯ ಹೆಸರನ್ನು ಹಾಕಿಲ್ಲ. ಅವರಲ್ಲಿರುವುದು ಎರಡೇ ರಾಡ್ (ಗಾಳದ ಕೋಲು), ಒಬ್ಬರೇ ಗೈಡ್. ಹೆಚ್ಚು ಜನ ಬಂದರೆ ನದಿಗೂ ತಮಗೂ ಕಷ್ಟವೆಂದು ಮನೆಯ ಯಜಮಾನರು ಹೇಳಿದ ಮಾತನ್ನು ಮೀರಲು ಮನಸ್ಸಾಗಲಿಲ್ಲ. ಆ ಕಣಿವೆಯಲ್ಲಿ ಇದೇ ಬಗೆಯ ಸೇವೆ ಕೊಡುವವರು ಬೇರೆಯೂ ಇದ್ದಾರೆ. ಅವರಲ್ಲಿ ಯಾರನ್ನು ಆರಿಸಬೇಕು, ಏನನ್ನು ಕೇಳಿ ತಿಳಿದುಕೊಂಡು ಮುಂಗಡ ಕೊಡಬೇಕು ಎಂಬುದಕ್ಕೆ ಈ ಬರಹ ಸಾಕಾದೀತು.

ಮೀನು ತಿನ್ನುವುದಷ್ಟೇ ಉದ್ದೇಶವಾಗಿದ್ದರೆ ಈ ಸೇವೆಗೆ ಹಣ ಕೊಡುವ ಅಗತ್ಯವೇ ಇಲ್ಲ. ಕಣಿವೆಯ ಸಾಕಣೆ ಕೊಳಗಳಲ್ಲಿ ಬೆಳೆಸಿದ ರೇನ್‌ಬೋ ಟ್ರೌಟ್ ಅಲ್ಲಿನ ಅಡುಗೆಮನೆಗಳಲ್ಲಿ ಸಲೀಸಾಗಿ ಸಿಗುತ್ತದೆ. ನದಿಯಲ್ಲಿ ಗಾಳಕ್ಕೆ ಬೀಳುವ ಮೀನು ಹೆಚ್ಚಾಗಿ ಬ್ರೌನ್ ಟ್ರೌಟ್, ಮತ್ತು ಈ ಮನೆಯವರು ಅದನ್ನು ಹಿಡಿದ ಜಾಗದಲ್ಲೇ ನೀರಿಗೆ ಬಿಡಿಸುತ್ತಾರೆ. ಇದನ್ನು ಅವರು ಫೋನಿನಲ್ಲೇ ಸ್ಪಷ್ಟವಾಗಿ ತಿಳಿಸಿದ್ದು ನನಗೆ ಹಿಡಿಸಿತು.

ನನ್ನ ಮಟ್ಟಿಗೆ ಈ ಸೇವೆಯ ಬೆಲೆಯೆಲ್ಲ ಇರುವುದು ನೀರಿಗಿಳಿಯುವ ಮೊದಲಿನ ಸುಮಾರು ಒಂದು ಗಂಟೆಯಲ್ಲಿ. ಬೆಳಿಗ್ಗೆ ಗೈಡ್ ನಮ್ಮ ಕೈಗೆ ರಾಡ್ ಕೊಡಲೇ ಇಲ್ಲ. ದಡದ ಒಂದು ದೊಡ್ಡ ಬಂಡೆಯ ಮೇಲೆ ಕೂರಿಸಿ, ನೊರೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ನೋಡುತ್ತಿರಲು ಹೇಳಿದರು. ಟ್ರೌಟ್ ಪ್ರವಾಹಕ್ಕೆ ಎದುರಾಗಿ ನಿಂತು, ನೀರು ಹೊತ್ತು ತರುವ ಹುಳಗಳನ್ನು ನಿಂತಲ್ಲೇ ಹಿಡಿದು ತಿನ್ನುವ ಮೀನು. ರಭಸದ ನೀರಿನ ನಡುವೆ ನಿಂತರೆ ತಿಂದದ್ದಕ್ಕಿಂತ ಈಜಲು ಖರ್ಚಾಗುವ ಶಕ್ತಿಯೇ ಹೆಚ್ಚು. ನಿಂತ ನೀರಿಗೆ ಆಹಾರ ಬರುವುದಿಲ್ಲ. ಆದ್ದರಿಂದ ಅದು ರಭಸದ ಧಾರೆಯೂ ನಿಧಾನದ ನೀರೂ ಒಂದನ್ನೊಂದು ಉಜ್ಜಿಕೊಂಡು ಹೋಗುವ ಗೆರೆಯಲ್ಲಿ, ಬಂಡೆಯ ಹಿಂದಿನ ಮರೆಯಲ್ಲಿ, ಕೆಲವೊಮ್ಮೆ ಬಂಡೆಯ ಮುಂದೆ ನೀರು ಒತ್ತಿ ನಿಲ್ಲುವ ಸಣ್ಣ ಜಾಗದಲ್ಲಿ ಕಾಯುತ್ತದೆ. ನೊರೆ ಸಾಗುವ ದಾರಿಯೇ ಹುಳ ಸಾಗುವ ದಾರಿಯೂ ಆಗಿರುವುದರಿಂದ, ನೊರೆಯನ್ನು ನೋಡಲು ಕಲಿತವನಿಗೆ ನದಿಯ ಮುಕ್ಕಾಲು ಪಾಲು ಖಾಲಿಯೆಂದೂ ಉಳಿದ ಕಾಲು ಪಾಲಿನಲ್ಲಿ ಮಾತ್ರ ಕೆಲಸವಿದೆಯೆಂದೂ ತಿಳಿಯುತ್ತದೆ.

ಆಮೇಲೆ ಅವರು ಮೊಣಕಾಲುದ್ದದ ನೀರಿನಲ್ಲಿ ಕಲ್ಲುಗಳನ್ನು ಮಗುಚಿ ತೋರಿಸಿದರು. ಮೂರು ಬಾಲದ ಮೇಫ್ಲೈ ಮರಿ, ಎರಡು ಬಾಲದ ಸ್ಟೋನ್‌ಫ್ಲೈ ಮರಿ, ಮರಳು ಕಣಗಳನ್ನು ಅಂಟಿಸಿಕೊಂಡು ಕೊಳವೆಯಂಥ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳ, ಇವೆಲ್ಲ ಒಂದೇ ಕಲ್ಲಿನ ಅಡಿಯಲ್ಲಿ ಇದ್ದವು. ತಮ್ಮ ಪೆಟ್ಟಿಗೆಯಿಂದ ಅದೇ ಬಣ್ಣದ, ಅದೇ ಗಾತ್ರದ ಫ್ಲೈಯೊಂದನ್ನು ಆರಿಸಿ ಹುಳದ ಪಕ್ಕದಲ್ಲಿಟ್ಟಾಗ ನನ್ನ ಮಿತ್ರ ಮೂಕನಾದ. ಅದು ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆಗಳನ್ನು ಸಣ್ಣ ಕೊಕ್ಕೆಗೆ ಸುತ್ತಿ ಮಾಡಿದ 16ನೇ ನಂಬರಿನ ನಿಂಫ್, ಅಂದರೆ ನೀರಿನೊಳಗಿನ ಹುಳದ ಮರಿಯನ್ನು ಹೋಲುವ ಫ್ಲೈ. ಕೊಕ್ಕೆಯ ನಂಬರ್ ಹೆಚ್ಚಿದಷ್ಟೂ ಗಾತ್ರ ಕಿರಿದಾಗುತ್ತದೆ. 16 ಎಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಎರೆಹುಳು, ಸಿಗಡಿ ಚುಚ್ಚಿ ಕಾಣೆಗೂ ಕರಿಮೀನಿಗೂ ಕಾದು ಕುಳಿತು ಬೆಳೆದ ನಮ್ಮಂಥವರಿಗೆ, ಮೀನಿನ ಆ ಹೊತ್ತಿನ ಊಟ ಯಾವುದೆಂದು ಮೊದಲು ತನಿಖೆ ಮಾಡಿ ನಂತರ ಗಾಳ ಕಟ್ಟುವ ಈ ಕ್ರಮ ನಿಜಕ್ಕೂ ಹೊಸದು. ಗೈಡ್ ಆರಿಸುವಾಗ ನಾನಾದರೆ ಕೇಳುವ ಮೊದಲ ಪ್ರಶ್ನೆ ಇದೇ: ಕಲ್ಲು ಮಗುಚಿ ತೋರಿಸುತ್ತೀರೋ, ಅಥವಾ ನೇರವಾಗಿ ಕೈಗೆ ರಾಡ್ ಕೊಡುತ್ತೀರೋ?

ಬೀಸುವ ಪಾಠ ನಡೆದದ್ದು ಮನೆಯ ಹಿಂದಿನ ಸೇಬಿನ ತೋಟದ ಅಂಚಿನಲ್ಲಿ, ಕೊಕ್ಕೆಯ ಬದಲು ಉಣ್ಣೆಯ ಎಳೆಯೊಂದನ್ನು ಕಟ್ಟಿಕೊಂಡು. ನಮ್ಮ ತಂಗೂಸಿಯ ಗಾಳದಲ್ಲಿ ತೂಕವಿರುವುದು ಸೀಸದ ಗುಂಡಿನಲ್ಲಿ. ಅದನ್ನು ಎಸೆದರೆ ದಾರ ಹಿಂಬಾಲಿಸುತ್ತದೆ. ಫ್ಲೈಗೆ ಹೆಸರಿಗೆ ಮಾತ್ರ ತೂಕ. ಇಲ್ಲಿ ಎಸೆಯಬೇಕಾದದ್ದು ದಪ್ಪ ಲೇಪನವಿರುವ ದಾರವನ್ನೇ, ಫ್ಲೈ ಅದರ ತುದಿಯಲ್ಲಿ ಸುಮ್ಮನೆ ಹೋಗುತ್ತದೆ. ನಮಗೆ ಕೊಟ್ಟದ್ದು 9 ಅಡಿ ಉದ್ದದ, 5ನೇ ನಂಬರಿನ ರಾಡ್. ಆ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಈ ತೂಕ ಹಿಂದಕ್ಕೆ ಹೋಗಿ ಪೂರ್ತಿ ನೇರವಾಗಿ ನಿಂತ ಮೇಲೆಯೇ ರಾಡ್ ಬಿಲ್ಲಿನಂತೆ ಬಾಗುತ್ತದೆ, ಆಗ ಮಾತ್ರ ಮುಂದಕ್ಕೆ ತಳ್ಳಬೇಕು. ಹಿಂದಿನ ಆ ಕ್ಷಣದ ನಿಲುಗಡೆಯೇ ವಿದ್ಯೆಯ ತಿರುಳು, ಮತ್ತು ಹೊಸಬರ ಕೈ ನಿಲ್ಲದಿರುವುದೂ ಅಲ್ಲೇ. ತೋಳನ್ನು ಸುಮ್ಮನೆ ಹಿಂದೆ ಮುಂದೆ ಆಡಿಸುತ್ತಿದ್ದ ಮಿತ್ರ, “ಮಾಷ್ಟ್ರೇ, ಇದು ಮೀನು ಹಿಡಿಯುವುದೋ, ಗದ್ದೆಯಲ್ಲಿ ಗಿಳಿ ಓಡಿಸುವುದೋ?” ಎಂದು ಕೇಳಿದ. ಅದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಗೈಡ್ ನಕ್ಕು, ನನ್ನ ಕಡೆ ತಿರುಗಿ, “ಮಾಸ್ಟರ್‌ಜೀ, ನೀವು ಎಣಿಸಿ, ಅವರು ಬೀಸಲಿ” ಎಂದು ಉಪಾಯ ಸೂಚಿಸಿದರು. ಎಣಿಕೆ ಫಲ ಕೊಟ್ಟಿತು. ಕಲಿಸುವ ಕೆಲಸವನ್ನೇ ಜೀವನವಿಡೀ ಮಾಡಿದ ನನಗೆ ಅವರ ತಾಳ್ಮೆಯ ಬಗ್ಗೆ ಮೆಚ್ಚುಗೆಯಲ್ಲದೆ ಬೇರೆ ಮಾತಿಲ್ಲ. ತಪ್ಪನ್ನು ತೋರಿಸುವಾಗ ಒಮ್ಮೆಗೆ ಒಂದನ್ನೇ ತೋರಿಸಿದರು.

ಗೈಡ್ ಥರ್ಮಾಮೀಟರ್ ಅದ್ದಿದಾಗ ನೀರು 11 ಡಿಗ್ರಿ ಸೆಲ್ಸಿಯಸ್ ಇತ್ತು. ಟ್ರೌಟ್‌ಗೆ ತಂಪಾದ, ಆಮ್ಲಜನಕ ತುಂಬಿದ ನೀರು ಬೇಕು. 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ. ನಮ್ಮೂರ ಪಯಸ್ವಿನಿ ಹೊಳೆಯಲ್ಲಿ ಇದನ್ನು ಸಾಕಬಹುದೇ ಎಂದು ಕೇಳಿದವರಿಗೆ ಇದೇ ಉತ್ತರ. ದಕ್ಷಿಣದಲ್ಲಿ ಈ ಮೀನು ನೆಲೆ ನಿಂತದ್ದು ನೀಲಗಿರಿ ಮತ್ತು ಮುನ್ನಾರಿನ ಎತ್ತರದ ಹೊಳೆಗಳಲ್ಲಿ ಮಾತ್ರ. ನೀಲಗಿರಿಯ ಅವಲಾಂಚಿಯಲ್ಲಿ ಮೀನುಸಾಕಣೆ ತಜ್ಞ ಎಚ್. ಸಿ. ವಿಲ್ಸನ್ ಅವರು 1907ರಲ್ಲಿ ಕಟ್ಟಿಸಿದ, ಟ್ರೌಟ್ ಮೊಟ್ಟೆಯೊಡೆಸಿ ಮರಿ ಮಾಡುವ ಕೇಂದ್ರದ ಬಗ್ಗೆ ಕೆಲವರು ಓದಿರಬಹುದು. ಆ ಹೊಳೆಗಳ ಬಹುಭಾಗ ಇಂದು ರಕ್ಷಿತ ಅರಣ್ಯದೊಳಗಿರುವುದರಿಂದ, ಹತ್ತಿರವೆಂಬ ಒಂದೇ ಕಾರಣಕ್ಕೆ ಅಲ್ಲಿಗೆ ರಾಡ್ ಹಿಡಿದು ಹೊರಡುವಂತಿಲ್ಲ. ಕುಲ್ಲುವಿಗೂ ಟ್ರೌಟ್ ಹೊರಗಿನಿಂದಲೇ ಬಂದದ್ದು: 1909ರ ಸುಮಾರಿಗೆ ಹೊವೆಲ್ ಎಂಬ ಬ್ರಿಟಿಷ್ ಅಧಿಕಾರಿ ಬಿಯಾಸ್ ಕಣಿವೆಯಲ್ಲಿ ಅದನ್ನು ನೆಲೆಗೊಳಿಸಿದರು. ತೀರ್ಥನ್ ನದಿಯ ಮೇಲ್ಭಾಗ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿದೆ, ಆ ಉದ್ಯಾನ 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೆಳಗೆ ಲಾರ್ಜಿಯ ಬಳಿ ಬಿಯಾಸ್ ನದಿಯನ್ನು ಸೇರುವವರೆಗೂ ನೀರು ತಡೆಯಿಲ್ಲದೆ ಹರಿಯುತ್ತಿರುವುದಕ್ಕೆ, ಮಾಜಿ ಶಾಸಕ ದಿಲೇರಾಮ್ ಶಬಾಬ್ ಅವರ ಮುಂದಾಳತ್ವದಲ್ಲಿ ಕಣಿವೆಯವರು ಜಲವಿದ್ಯುತ್ ಯೋಜನೆಗಳನ್ನು ವಿರೋಧಿಸಿ ನಿಂತದ್ದೂ ಕಾರಣ. ಹೊಳೆಯ ಕಯಗಳಿಗೆ (ಆಳದ ಗುಂಡಿಗಳಿಗೆ) ತೋಟೆ ಹಾಕಿ ಸಿಡಿಸಿ, ವಿಷ ಕಲಕಿ ಮರಿಗಳ ಸಮೇತ ಮೀನು ಎತ್ತುವವರನ್ನು ಬೇಸಿಗೆ ಬಂದಾಗಲೆಲ್ಲ ನೋಡುವ ನಮಗೆ ಅಲ್ಲಿನ ನೀರಿನ ಮುಂದೆ ನಿಂತಾಗ ಸ್ವಲ್ಪ ಹೊಟ್ಟೆಕಿಚ್ಚಾದರೆ ಆಶ್ಚರ್ಯವಿಲ್ಲ.

ಮಧ್ಯಾಹ್ನದವರೆಗೆ ನಿಂಫ್ ಕಟ್ಟಿ, ಮೇಲೆ ತೇಲುವ ಗುರುತಿನ ಸಹಾಯದಿಂದ ಹಿಡಿದೆವು. ಫ್ಲೈ ನೀರಿನ ವೇಗದಲ್ಲೇ ಸಾಗಬೇಕು. ನಡುವಿನ ರಭಸದ ಧಾರೆ ದಾರವನ್ನು ಮೊದಲು ಎಳೆದುಕೊಂಡು ಹೋದರೆ ಫ್ಲೈ ಅಸಹಜವಾಗಿ ಓಡುತ್ತದೆ, ಅದನ್ನು ಟ್ರೌಟ್ ಮುಟ್ಟುವುದಿಲ್ಲ. ಬಿದ್ದ ಕೂಡಲೇ ದಾರದ ಹೊಟ್ಟೆಯನ್ನು ಮೇಲ್ಪ್ರವಾಹದ ಕಡೆಗೆ ಎತ್ತಿ ಹಾಕುವುದನ್ನು ಅವರು ಮೆಂಡ್ ಎನ್ನುತ್ತಾರೆ. ಇದು ಕೈಗೆ ಹತ್ತಿದ ಮೇಲೆ ದಿನದ ರೀತಿಯೇ ಬದಲಾಯಿತು. ಒಂದು ಬಂಡೆಯ ಹಿಂದಿನ ಗೆರೆಯಲ್ಲಿ ಗುರುತು ಒಂದಿಷ್ಟು ತಡೆದಂತಾಗಿ, ರಾಡ್ ಎತ್ತಿದಾಗ ತುದಿ ನಡುಗಿತು. ಮೀನು ಮೊದಲು ರಭಸದ ನೀರಿಗೆ ಓಡಿತು, ನಂತರ ಬಂಡೆಯ ಬುಡಕ್ಕೆ ನುಗ್ಗಲು ನೋಡಿತು. ಕೊನೆಯ ಎಳೆ 5ಎಕ್ಸ್, ಅಂದರೆ 0.15 ಮಿಲಿಮೀಟರ್ ದಪ್ಪ. ಎಳೆದಾಡುವಂತಿಲ್ಲ, ರಾಡ್ ಬಾಗುತ್ತಾ ಮೀನನ್ನು ದಣಿಸಬೇಕು. ಬಲೆಗೆ ಬಂದದ್ದು ಒಂದು ಗೇಣಿಗಿಂತ ಉದ್ದದ ಬ್ರೌನ್ ಟ್ರೌಟ್, ಜೇನಿನ ಬಣ್ಣದ ಮೈ, ಪಕ್ಕೆಯಲ್ಲಿ ತೆಳು ಬಿಳಿಯ ಬಳೆಯೊಳಗೆ ಕೂರಿಸಿದಂಥ ಕೆಂಪು ಚುಕ್ಕೆಗಳು. ಗೈಡ್ ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟಲು ಬಿಡಲಿಲ್ಲ, ಏಕೆಂದರೆ ಒಣ ಕೈ ಮೀನಿನ ಮೈಯ ಲೋಳೆಯನ್ನು ಕಿತ್ತುಬಿಡುತ್ತದೆ. ಕೊಕ್ಕೆಗೆ ಮುಳ್ಳಿಲ್ಲದ್ದರಿಂದ ಬಿಡಿಸಲು ಹೊತ್ತು ಹಿಡಿಯಲಿಲ್ಲ.

ಮಧ್ಯಾಹ್ನದ ಊಟ ಚೆನ್ನಾಗಿತ್ತು: ರಾಜ್ಮಾ, ಅನ್ನ, ತುಪ್ಪ ಸುರಿದ ಸಿಡ್ಡು ಎಂಬ ಹಬೆಯಲ್ಲಿ ಬೇಯಿಸಿದ ಗೋಧಿ ರೊಟ್ಟಿ. ಆದರೆ ಅದಕ್ಕಾಗಿ ಮನೆಗೆ ಹಿಂದಿರುಗಿ ಮತ್ತೆ ನದಿಗೆ ಇಳಿಯುವಲ್ಲಿ ಒಳ್ಳೆಯ ಹೊತ್ತೊಂದು ಕಳೆದುಹೋಯಿತು. ಬುತ್ತಿ ಕಟ್ಟಿಕೊಡಿ ಎಂದು ಮೊದಲೇ ಹೇಳುವುದು ಉತ್ತಮ. ಸಂಜೆ ಬಿಸಿಲು ಬೆಟ್ಟದ ಹಿಂದೆ ಸರಿದಾಗ ಕ್ಯಾಡಿಸ್ ಹುಳಗಳು ನೀರಿನಿಂದ ಏಳತೊಡಗಿ, ಮೀನುಗಳು ಮೇಲಕ್ಕೆ ಬಂದು ಅವನ್ನು ಕಚ್ಚುವುದು ಕಾಣುತ್ತಿತ್ತು. ಆಗ ತೇಲುವ ಡ್ರೈ ಫ್ಲೈ ಕಟ್ಟಿಸಿದರು. ದಿನದ ಅತ್ಯುತ್ತಮ ಭಾಗ ಅದು, ಸಂದೇಹವಿಲ್ಲ. ಮೂತಿ ನೀರಿನಿಂದ ಮೇಲೆ ಬಂದು ಫ್ಲೈಯನ್ನು ಹೀರಿಕೊಳ್ಳುವುದನ್ನು ಕಣ್ಣಾರೆ ಕಾಣುವ ಸುಖ ನಿಂಫ್‌ನಲ್ಲಿಲ್ಲ. ನನ್ನ ಮಿತ್ರನಿಗೆ ಆ ಹೊತ್ತಿನಲ್ಲಿ ಒಂದರ ಹಿಂದೆ ಒಂದು ಸಿಕ್ಕಿದವು, ನನ್ನ ಪಾಲಿಗೆ ಕಡಿಮೆ.

ಕೊರತೆಗಳನ್ನೂ ಹೇಳಬೇಕು. ಅವರು ಕೊಟ್ಟ ಬೂಟುಗಳ ಅಡಿ ಬರೀ ರಬ್ಬರ್. ಪಾಚಿ ಹಿಡಿದ ಉರುಟುಕಲ್ಲಿನ ಮೇಲೆ ಅದು ಜಾರುತ್ತದೆ. ದಪ್ಪ ಬಟ್ಟೆಯಂಥ ಫೆಲ್ಟ್ ಅಡಿಯದ್ದೋ ಮೊಳೆ ಇರುವುದೋ ಬೇಕು. ಊರಿಕೊಳ್ಳಲು ಕೋಲು ಕೇಳಿದ ಮೇಲೆ ಒಂದು ಬಿದಿರು ಸಿಕ್ಕಿತು, ಲೈಫ್ ಜಾಕೆಟ್ ಇರಲೇ ಇಲ್ಲ. 11 ಡಿಗ್ರಿಯ ನೀರಿನಲ್ಲಿ ಜಾರಿ ಬಿದ್ದರೆ ಈಜು ಬಲ್ಲವನ ಕೈಕಾಲೂ ಬೇಗ ಮರಗಟ್ಟುತ್ತದೆ, ಆದ್ದರಿಂದ ಇದನ್ನು ಸಣ್ಣ ಲೋಪವೆಂದು ನಾನು ಬಿಡಲಾರೆ. ಮೀನಿನ ಬಗ್ಗೆ ಅಷ್ಟು ಕಾಳಜಿ ತೋರುವವರ ಕೈಬಲೆ ಮಾತ್ರ ಗಂಟುಗಂಟಿನ ಹಳೆಯ ನೈಲಾನ್‌ನದು. ಅದು ಒಣ ಕೈಯಷ್ಟೇ ಲೋಳೆ ಕೆರೆಯುತ್ತದೆ, ರಬ್ಬರ್ ಬಲೆ ತರಿಸಿದರೆ ಅವರ ಮಾತಿಗೂ ಕೆಲಸಕ್ಕೂ ಹೊಂದಿಕೆಯಾದೀತು. ಇಬ್ಬರಿಗೆ ಒಬ್ಬ ಗೈಡ್ ಎಂಬುದು ಬೆಳಿಗ್ಗೆ ತೊಂದರೆಯಾಗಲಿಲ್ಲ, ಸಂಜೆ ಇಬ್ಬರೂ ಬೇರೆ ಬೇರೆ ಕಡೆ ನಿಂತಾಗ ಅವರು ಅತ್ತಿತ್ತ ಓಡಾಡಬೇಕಾಯಿತು.

ಖರ್ಚು ಒಬ್ಬರಿಗೆ ದಿನಕ್ಕೆ ಮೂರೂವರೆ ಸಾವಿರ ರೂಪಾಯಿ. ರಾಡ್, ಫ್ಲೈ, ಊಟ, ಗೈಡ್ ಎಲ್ಲವೂ ಅದರಲ್ಲಿ ಸೇರಿತ್ತು. ಮೀನುಗಾರಿಕೆ ಇಲಾಖೆಯ ದಿನದ ಲೈಸೆನ್ಸ್ ಬೇರೆ, ಅದನ್ನು ಮನೆಯವರೇ ನಮ್ಮ ಹೆಸರಿನಲ್ಲಿ ಮಾಡಿಸಿಟ್ಟಿದ್ದರು. ಲೈಸೆನ್ಸಿಲ್ಲದೆ ಇಳಿಸುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಹೊಸದಾಗಿ ಕಲಿಯುವವರಿಗೆ ಈ ದರ ನ್ಯಾಯವಾದದ್ದೇ. ಬೀಸಲು ಈಗಾಗಲೇ ಬಲ್ಲವರು ಗೈಡನ್ನು ಅರ್ಧ ದಿನಕ್ಕೆ ಮಾತ್ರ ಕೇಳಿ ನೋಡಬಹುದು.

ಹೋಗುವವರು ನವೆಂಬರಿನಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವುದಕ್ಕೆ ನಿಷೇಧವಿದೆಯೆಂಬುದನ್ನು ಮರೆಯಬಾರದು, ಅದು ಬ್ರೌನ್ ಟ್ರೌಟ್ ಮೊಟ್ಟೆಯಿಡುವ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಳೆಯ ಕೆಸರು, ಮೇ, ಜೂನ್‌ನಲ್ಲಿ ಹಿಮ ಕರಗಿದ ನೀರಿನ ರಭಸ. ಕಲಿಯುವವರಿಗೆ ಅಕ್ಟೋಬರಿನ ತಿಳಿನೀರೇ ಒಳ್ಳೆಯದು. ಕಾಸರಗೋಡಿನಿಂದ ಮಂಗಳಾ ಎಕ್ಸ್‌ಪ್ರೆಸ್ಸಿನಲ್ಲಿ ದಿಲ್ಲಿಯ ನಿಜಾಮುದ್ದೀನ್ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಮನಾಲಿ ಬಸ್ಸು ಹಿಡಿದು, ಔಟ್ ಎಂಬ ಊರಿನ ಸುರಂಗಕ್ಕೆ ಮೊದಲೇ ಇಳಿದರೆ ಬಂಜಾರ್ ಮೂಲಕ ಗುಶೈಣಿಗೆ ವಾಹನ ಸಿಗುತ್ತದೆ. ವಿಜಯದಶಮಿಯಂದು ಕುಲ್ಲು ದಸರಾ ಶುರುವಾಗಿ ಒಂದು ವಾರ ನಡೆಯುವುದರಿಂದ ಆ ದಿನಗಳಲ್ಲಿ ಆ ದಾರಿಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಟೋಬರಿನಲ್ಲಿ ಹೊರಡುವವರು ಪಂಚಾಂಗ ನೋಡಿಕೊಂಡು ಟಿಕೆಟ್ ಮಾಡಿಸಲಿ.