ಕೆಂಪು ತಟ್ಟೆಯ ಟೈಮರ್: ರಿಸೋರ್ಸ್ ರೂಮಿನಿಂದ ಒಂದು ರಿವ್ಯೂ

ಈ ಟೈಮರ್ ತಗೊಳ್ಳುವ ಮೊದಲು ಆನ್‌ಲೈನ್‌ನಲ್ಲಿದ್ದ ರಿವ್ಯೂಗಳನ್ನೆಲ್ಲ ಓದಿದ್ದೆ. ಅರ್ಧ ಜನ ಅಡುಗೆಮನೆಗೆ ತಗೊಂಡಿದ್ದಾರೆ, ಇನ್ನರ್ಧ ಜನ ಮಕ್ಕಳ ಹೋಂವರ್ಕ್‌ಗೆ. ಬೆಂಚು ತಳ್ಳುವ, ಪುಸ್ತಕ ಎಸೆಯುವ, ಒಂದು ಕಡೆ ಕೂರಲಾಗದ ಮಕ್ಕಳ ಜೊತೆ ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಬ್ಬರೂ ಬರೆದಿರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಮೈಸೂರಿನ ಒಂದು ಅನುದಾನಿತ ಶಾಲೆಯಲ್ಲಿ ಸ್ಪೆಷಲ್ ಎಜುಕೇಟರ್, ಅಂದರೆ ವಿಶೇಷ ಶಿಕ್ಷಕಿ. ಒಂದರಿಂದ ಐದನೇ ಕ್ಲಾಸಿನವರೆಗಿನ ಮಕ್ಕಳಲ್ಲಿ ಹೆಚ್ಚಿನ ನೆರವು ಬೇಕಾದವರು ನನ್ನ ರಿಸೋರ್ಸ್ ರೂಮಿಗೆ ಬರುತ್ತಾರೆ. ಕೆಲವರಿಗೆ ಆಟಿಸಂ, ಕೆಲವರಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ. ಇನ್ನು ಕೆಲವರ ಹತ್ತಿರ ಡಾಕ್ಟರ ಯಾವ ಕಾಗದವೂ ಇಲ್ಲ, ಕ್ಲಾಸ್ ಟೀಚರ್‌ಗೆ ಸಾಕಾಗಿ 'ಸ್ವಲ್ಪ ಹೊತ್ತು ನೀವೇ ನೋಡ್ಕೊಳ್ಳಿ ಮಿಸ್' ಅಂತ ಕಳಿಸಿದವರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಅಂತ ಬೇರೆಯಾಗಿ ಇಲ್ಲ. ಹಾಗಾಗಿ ಬರೀ ಎಡಿಎಚ್‌ಡಿ ಇರುವ ಮಗು ಕಾಗದದಲ್ಲಿ ಎಲ್ಲೂ ಇಲ್ಲ, ನನ್ನ ರೂಮಿನಲ್ಲಿ ಮಾತ್ರ ದಿನಾ ಇದೆ. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ನಮ್ಮಲ್ಲಿ ಲೆಕ್ಕ ಹಾಕದೇ ಇರುವುದೇ ವಾಸಿ.

ವಸ್ತುವಿನ ವಿಷಯಕ್ಕೆ ಬರುತ್ತೇನೆ. ಒಂದು ಬಿಳಿ ಪ್ಲಾಸ್ಟಿಕ್ ಚೌಕ, ಅದರಲ್ಲಿ ಗಡಿಯಾರದಂಥ ಮುಖ, ಮುಖದ ಮೇಲೆ ತಿರುಗುವ ಒಂದು ಕೆಂಪು ತಟ್ಟೆ. ಮಧ್ಯದ ಗುಂಡಿ ಹಿಡಿದು 20ಕ್ಕೆ ತಿರುಗಿಸಿದರೆ ಅಷ್ಟು ಜಾಗ ಕೆಂಪಾಗುತ್ತದೆ. ಸಮಯ ಕಳೆದಂತೆ ಕೆಂಪು ಕಡಿಮೆಯಾಗುತ್ತಾ ಹೋಗಿ ಕೊನೆಗೆ ಏನೂ ಉಳಿಯುವುದಿಲ್ಲ, ಅಷ್ಟೆ. ಇದರ ಮೂಲ ಅಮೆರಿಕದ ಟೈಮ್ ಟೈಮರ್. ಒಹಾಯೊ ರಾಜ್ಯದ ಜ್ಯಾನ್ ರೋಜರ್ಸ್ ಎಂಬ ತಾಯಿ, 'ಇನ್ನೂ ಎಷ್ಟು ಹೊತ್ತು' ಅಂತ ಕೇಳುತ್ತಲೇ ಇದ್ದ ತನ್ನ ಪುಟ್ಟ ಮಗಳಿಗಾಗಿ 1990ರ ದಶಕದಲ್ಲಿ ಮಾಡಿದ್ದು. ಅಸಲಿ ತರಿಸುವುದು ನಮ್ಮ ಶಾಲೆಯ ಬಜೆಟ್‌ಗೆ ಆಗುವ ಮಾತಲ್ಲ. ನಾನು ತಗೊಂಡಿದ್ದು ಹೆಸರಿಲ್ಲದ ಒಂದು ನಕಲು, ಸುಮಾರು 700 ರೂಪಾಯಿ, ನನ್ನದೇ ದುಡ್ಡು.

ಮೊದಲು ಇದರ ಒಳ್ಳೆಯ ಗುಣ.

ನಾವು ಮಕ್ಕಳಿಗೆ 'ಇನ್ನು ಐದೇ ನಿಮಿಷ' ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ದೇವರಿಗೇ ಗೊತ್ತು. ಆ ಐದು ನಿಮಿಷ ಒಮ್ಮೆ ಎರಡು ನಿಮಿಷಕ್ಕೇ ಮುಗಿಯುತ್ತದೆ, ಒಮ್ಮೆ ಹದಿನೈದಾಗುತ್ತದೆ. ಹೆಡ್‌ಮಿಸ್ ಬಂದು ಮಾತಿಗೆ ನಿಂತರೆ ಇನ್ನೂ ಜಾಸ್ತಿ. ಹೊತ್ತು ಎಷ್ಟು ಕಳೆಯಿತು ಅಂತ ಅಂದಾಜು ಮಾಡುವುದು ಎಡಿಎಚ್‌ಡಿ ಇರುವ ಮಕ್ಕಳಿಗೆ ಮೊದಲೇ ಕಷ್ಟ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವ ಗಳಿಗೆಯೇ ಕಷ್ಟ. ಗಲಾಟೆ ಆದಾಗಲೆಲ್ಲ ನಾವು ಮೂರು ಕಾಲಂ ಇರುವ ಹಾಳೆಯಲ್ಲಿ ಬರೆದಿಡುತ್ತೇವೆ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಅದಕ್ಕೆ ಏನು ಸಿಕ್ಕಿತು. ನನ್ನ ಹಾಳೆಗಳಲ್ಲಿ ಮೊದಲ ಕಾಲಂ ಮಾತ್ರ ಓದುತ್ತಾ ಹೋದರೆ ಬರೀ ಇದೇ: ಬ್ಲಾಕ್ಸ್ ತೆಗೆದಿಡು ಅಂದೆ, ಜೋಕಾಲಿಯಿಂದ ಇಳಿ ಅಂದೆ, ಊಟಕ್ಕೆ ಏಳು ಅಂದೆ.

ಮೂರನೇ ಕ್ಲಾಸಿನ ಒಬ್ಬ ಹುಡುಗ. ಬ್ಲಾಕ್ಸ್ ಮುಚ್ಚಿಡು ಅಂದರೆ ಡಬ್ಬ ಗೋಡೆಗೆ ಹೋಗುತ್ತಿತ್ತು, ಒಮ್ಮೊಮ್ಮೆ ನನ್ನ ಕಡೆಗೂ. ಟೈಮರ್ ಪಕ್ಕದಲ್ಲಿಟ್ಟು 'ಕೆಂಪು ಹೋದ್ಮೇಲೆ ಡಬ್ಬ ಮುಚ್ಚೋಣ' ಅಂದೆ. ಮೊದಮೊದಲು ಅವನಿಗೆ ಬ್ಲಾಕ್ಸ್‌ಗಿಂತ ಟೈಮರೇ ಆಟ. ಕೆಂಪಿನ ಅಂಚಿಗೆ ಬೆರಳಿಟ್ಟು ಅದು ಬೆರಳಿನ ಕೆಳಗಿಂದ ಜಾರುವುದನ್ನು ಕಾಯುತ್ತಾ ಕೂರುತ್ತಿದ್ದ. ಆಮೇಲೆ ಜಗಳ ಶುರುವಾಯಿತು, ಆದರೆ ನನ್ನ ಜೊತೆ ಅಲ್ಲ. 'ಮಿಸ್, ಇದು ಜೋರಾಗಿ ಓಡ್ತಾ ಇದೆ, ಇದಕ್ಕೆ ಬೈಯಿರಿ' ಅಂದ. ನಾನೂ ಬೈದೆ. ಇಬ್ಬರೂ ಸೇರಿ ಟೈಮರ್‌ಗೆ ಬೈದು, ಇಬ್ಬರೂ ಸೇರಿ ಬ್ಲಾಕ್ಸ್ ಮುಚ್ಚಿಟ್ಟೆವು. ನಾನು ಕೊಟ್ಟ 700 ರೂಪಾಯಿ ಅವತ್ತೇ ವಸೂಲಾಯಿತು ಅಂತ ನನ್ನ ಲೆಕ್ಕ. 'ನಿಲ್ಲಿಸು' ಅನ್ನುವ ಕೆಟ್ಟ ಕೆಲಸವನ್ನು ಮಿಸ್ ಬದಲು ಒಂದು ಪ್ಲಾಸ್ಟಿಕ್ ಡಬ್ಬಿ ಮಾಡುತ್ತದೆ. ಅದರ ಮೇಲೆ ಹಠ ಮಾಡಿ ಪ್ರಯೋಜನ ಇಲ್ಲ ಅಂತ ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ನನ್ನ ಮೇಲೆ ಮಾಡಿದರೆ ಕೆಲವೊಮ್ಮೆ ಪ್ರಯೋಜನ ಇದೆ ಅಂತಲೂ ಅವರಿಗೆ ಗೊತ್ತಿದೆ, ಅಲ್ವಾ!

ಇದನ್ನು ಒಂಟಿಯಾಗಿ ಬಳಸಬೇಡಿ, 'ಮೊದಲು – ಆಮೇಲೆ' ಕಾರ್ಡ್ ಜೊತೆ ಇಡಿ. ಎಡಕ್ಕೆ ಬರೆಯುವ ಚಿತ್ರ, ಬಲಕ್ಕೆ ಬ್ಲಾಕ್ಸ್ ಚಿತ್ರ. ಇಷ್ಟವಿಲ್ಲದ ಕೆಲಸದ ಬೆನ್ನಿಗೆ ಇಷ್ಟದ್ದು ಸಿಕ್ಕರೆ ಮೊದಲನೆಯದು ಸುಲಭವಾಗುತ್ತದೆ ಅಂತ ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ಬರೆದರು, ಬಿ.ಎಡ್‌ನಲ್ಲಿ ಅದನ್ನು ಪ್ರೀಮ್ಯಾಕ್ ತತ್ವ ಅಂತ ಓದಿಸುತ್ತಾರೆ. ನಮ್ಮಜ್ಜಿ ಮೊದಲು ಮಗ್ಗಿ ಆಮೇಲೆ ಕೋಡುಬಳೆ ಅಂತಿದ್ದರು. ಆದರೆ ಕೆಂಪು ಮುಗಿದ ಮೇಲೆ ಬ್ಲಾಕ್ಸ್ ಸಿಗಲೇಬೇಕು. ಶಿಕ್ಷಣ ಇಲಾಖೆಯ ಸಿಆರ್‌ಪಿ ಬಂದರು, ರಿಹರ್ಸಲ್‌ಗೆ ಕರೆದರು ಅಂತ ನೀವು ಎರಡು ಸಲ ತಪ್ಪಿಸಿದಿರೋ, ಮೂರನೇ ಸಲ ಮಗು ಟೈಮರ್ ಕಡೆ ತಿರುಗಿಯೂ ನೋಡುವುದಿಲ್ಲ.

ಈಗ ದೂರುಗಳು. ದೊಡ್ಡದು ಶಬ್ದ. ನನಗೆ ಬಂದ ಪೀಸ್‌ನಲ್ಲಿ ಕೊನೆಗೆ 'ಪೀಂ ಪೀಂ ಪೀಂ' ಅಂತ ಅರಚುತ್ತದೆ, ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಇಲ್ಲ. ಶಬ್ದಕ್ಕೆ ಹೆದರುವ ಒಬ್ಬಳು ಹುಡುಗಿ ಇದ್ದಾಳೆ. ಕೊನೆಯ ಐದು ನಿಮಿಷ ಅವಳು ಪೆನ್ಸಿಲ್ ಕೆಳಗಿಟ್ಟು, ಎರಡೂ ಕಿವಿ ಮುಚ್ಚಿಕೊಂಡು, ಶಬ್ದ ಯಾವಾಗ ಬರುತ್ತದೋ ಅಂತ ಕಾಯುತ್ತಾ ಕೂತುಬಿಡುತ್ತಿದ್ದಳು. ಸಮಾಧಾನಕ್ಕೆ ತಂದ ವಸ್ತುವೇ ಭಯ ಹುಟ್ಟಿಸಿದರೆ ಏನು ಮಾಡುವುದು? ಹಿಂದಿನ ತೂತುಗಳಿಗೆ ಹತ್ತಿ ಇಟ್ಟು ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿದ ಮೇಲೆ ಪರವಾಗಿಲ್ಲ. ಅದೂ ಅಲ್ಲದೆ ಟಿಕ್ ಟಿಕ್ ಇದೆ. ನಿಮಗೆ ಕೇಳಿಸಲಿಕ್ಕಿಲ್ಲ, ಆ ಮಕ್ಕಳಿಗೆ ಕೇಳಿಸುತ್ತದೆ. ಮಾರಾಟಗಾರರಿಗೆ ಬರೆದೆ. ವಾಪಸ್ ಕೊಡುವ ಅವಧಿ ಮುಗಿದಿದೆ ಮೇಡಂ ಅಂತ ಹೇಳಿ ಮುಂದಿನ ಖರೀದಿಗೆ 50 ರೂಪಾಯಿ ಕೂಪನ್ ಕಳಿಸಿದರು.

ಎರಡನೆಯದು, ತಟ್ಟೆಗೆ ಮುಚ್ಚಳ ಇಲ್ಲ. ಅಂದರೆ ಯಾರು ಬೇಕಾದರೂ ಬೆರಳಲ್ಲಿ ತಿರುಗಿಸಬಹುದು. ನಾನು ಆ ಕಡೆ ತಿರುಗಿದ ಕ್ಷಣದಲ್ಲಿ ಹತ್ತು ನಿಮಿಷ ಸೇರಿಸಿಕೊಂಡು ಮುಖದಲ್ಲಿ ಏನೂ ತೋರಿಸದೆ ಕೂತಿದ್ದ ಒಬ್ಬ ಮಹಾನುಭಾವ. ಒಳಗೊಳಗೇ ಖುಷಿಯೂ ಆಯಿತು, ಪ್ಲಾನ್ ಮಾಡುವುದು ಬರುವುದಿಲ್ಲ ಅಂತ ಅವನ ರಿಪೋರ್ಟಿನಲ್ಲಿ ಬರೆದಿದ್ದರು! ಮೂರನೆಯದು, 60 ನಿಮಿಷದ ಮುಖದಲ್ಲಿ ಎರಡು ನಿಮಿಷ ಅಂದರೆ ಒಂದು ಗೀಟು ಕೆಂಪು, ಮಗುವಿಗೆ ಕಾಣುವುದೇ ಇಲ್ಲ. ಸಣ್ಣ ಕಾಯುವಿಕೆಗೆ ಮರಳಿನ ಟೈಮರೇ ವಾಸಿ, ಗಾಜಿನದ್ದು ಬೇಡ. ಇನ್ನೊಂದು, ಅಂಕಿಗಳು ಗಡಿಯಾರಕ್ಕೆ ಉಲ್ಟಾ ಇವೆ. ಗಡಿಯಾರ ಕಲಿಯುತ್ತಿರುವ ಮಗುವಿಗೆ ಗೊಂದಲ ಆಗುತ್ತದೆ, ಅಂಕಿಗಳ ಮೇಲೆ ಬಿಳಿ ಕಾಗದ ಅಂಟಿಸಿ ಬರೀ ಕೆಂಪು ಕಾಣುವಂತೆ ಬಿಟ್ಟೆ.

ಎಲ್ಲಿ ಕೆಲಸ ಮಾಡುವುದಿಲ್ಲ ಅನ್ನುವುದನ್ನೂ ಹೇಳಬೇಕು, ಡಬ್ಬಿಯ ಮೇಲೆ 'ಎಲ್ಲಾ ಮಕ್ಕಳಿಗೂ' ಅಂತ ಬರೆದಿದ್ದಾರೆ. ಮೆಲ್ಟ್‌ಡೌನ್ ಮಧ್ಯದಲ್ಲಿರುವ, ಅಂದರೆ ತಡೆಯಲಾಗದೆ ಪೂರ್ತಿ ಹಿಡಿತ ತಪ್ಪಿದ ಮಗುವಿನ ಮುಂದೆ ಇದನ್ನು ಹಿಡಿದು 'ಎರಡು ನಿಮಿಷದಲ್ಲಿ ಸುಮ್ನಾಗು' ಅನ್ನಬೇಡಿ. ಆ ಹೊತ್ತಿಗೆ ಅದು ಎಸೆಯಲು ಸಿಕ್ಕ ಇನ್ನೊಂದು ವಸ್ತು ಮಾತ್ರ. ನಮ್ಮದರ ಸ್ಟ್ಯಾಂಡ್ ಮುರಿದದ್ದು ಹೀಗೇ, ಬದಲಿಗೆ ಬಂದಿದ್ದ ಟೀಚರ್ ಒಬ್ಬರ ಕೈಯಲ್ಲಿ. ಆಗ ಬೇಕಿರುವುದು ಜಾಗ, ಕಡಿಮೆ ಮಾತು, ಬೇರೆ ಮಕ್ಕಳನ್ನು ಆಚೆ ಕಳಿಸುವುದು. ಇನ್ನು ಕೆಲಸ ತಪ್ಪಿಸಿಕೊಳ್ಳಲೆಂದೇ ಗಲಾಟೆ ಮಾಡುವ ಮಗುವಿಗೆ ಟೈಮರ್ ಉಲ್ಟಾ ಪಾಠ ಕಲಿಸುತ್ತದೆ: ಕೆಂಪು ಹೋಗುವವರೆಗೆ ಕಿರುಚಿದರೆ ಸಾಕು, ಬರೆಯುವ ಪೀರಿಯಡ್ ಮುಗಿಯಿತು. ಅಂಥವರಿಗೆ ಸಮಯ ಬೇಡ, ಎಣಿಕೆ ಕೊಡಿ. ಮೂರು ಲೆಕ್ಕ, ಆಮೇಲೆ ಆಟ. ಮೂರೂ ಬೇಗ ಮಾಡಿದರೆ ಬೇಗ ಆಟ.

ನನಗೆ ಜಾಸ್ತಿ ಬೇಜಾರಾದದ್ದು ಟೈಮರ್ ಬಗ್ಗೆ ಅಲ್ಲ. ನನ್ನ ರೂಮಿನಲ್ಲಿ ನೋಡಿ ಇನ್ನಿಬ್ಬರು ಟೀಚರ್‌ಗಳು ತಮ್ಮ ಕ್ಲಾಸಿಗೂ ತಂದರು. ಒಂದು ವಾರದೊಳಗೆ ಕಾರಿಡಾರಿನಲ್ಲಿ ಕೇಳಿಸಿತು: 'ಕೆಂಪು ಮುಗಿಯೋಷ್ಟರಲ್ಲಿ ಬರೀಲಿಲ್ಲ ಅಂದ್ರೆ ಇವತ್ತು ಪಿಟಿ ಇಲ್ಲ.' 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಬೆತ್ತ ಬೀರುವಿಗೆ ಹೋಯಿತು, ಸರಿ. ಆದರೆ 40 ಮಕ್ಕಳ ಮುಂದೆ ನಿಲ್ಲುವ ಟೀಚರ್‌ಗೆ ಬೆತ್ತದ ಬದಲು ಏನು ಅಂತ ಯಾರೂ ಕೂತು ಕಲಿಸಿಲ್ಲ. ಹಾಗಾಗಿ ಕೈಗೆ ಸಿಕ್ಕಿದ್ದೆಲ್ಲ ಬೆತ್ತವೇ ಆಗುತ್ತದೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಆದರೂ ಓಡಾಟವೇ ಔಷಧಿಯಾದ ಹುಡುಗನ ಪಿಟಿ ಕಿತ್ತುಕೊಂಡರೆ ಮಧ್ಯಾಹ್ನದ ಕ್ಲಾಸು ಏನಾಗುತ್ತದೆ ಅಂತ ಅವರಿಗೇ ಗೊತ್ತಿದೆ.

ಫೋನ್‌ನಲ್ಲಿ ಇಂಥದ್ದೇ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ನನಗೆ ಹಿಡಿಸಲಿಲ್ಲ. ಫೋನ್ ಕಂಡ ತಕ್ಷಣ ಮಗುವಿಗೆ ಬೇಕಾಗುವುದು ಟೈಮರ್ ಅಲ್ಲ, ಯೂಟ್ಯೂಬ್. ದೊಡ್ಡ ಕ್ಲಾಸಿಗೆ ಇನ್ನೂ ಅಗ್ಗದ ದಾರಿ ಇದೆ. ಗೋಡೆ ಗಡಿಯಾರದ ಗಾಜಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಒಂದು ಹೋಳು ಬಣ್ಣ ಬಳಿಯಿರಿ. ದೊಡ್ಡ ಮುಳ್ಳು ಆ ಹೋಳು ದಾಟಿದರೆ ಬರೆಯುವುದು ಮುಗಿಯಿತು, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಶಬ್ದ ಇಲ್ಲ, ತಿರುಗಿಸಲು ಆಗುವುದಿಲ್ಲ, ಎಸೆಯಲು ಎಟುಕುವುದಿಲ್ಲ. ಮನೆಗೆ ಕೇಳುವ ಅಪ್ಪ ಅಮ್ಮಂದಿರಿಗೂ ನಾನು ಮೊದಲು ಇದನ್ನೇ ಹೇಳುತ್ತೇನೆ.

ಐದಕ್ಕೆ ಮೂರೂವರೆ ಸ್ಟಾರ್ ಕೊಡುತ್ತೇನೆ. ಶಬ್ದ ಪೂರ್ತಿ ಆಫ್ ಮಾಡುವ ಸ್ವಿಚ್ ಇದ್ದು, ಮುಂದೆ ಪಾರದರ್ಶಕ ಮುಚ್ಚಳ ಇದ್ದಿದ್ದರೆ ನಾಲ್ಕೂವರೆ. ತಗೊಳ್ಳುವುದಾದರೆ ಇವೆರಡೂ ಇರುವ ಮಾಡೆಲ್ ಹುಡುಕಿ, ನೂರಿನ್ನೂರು ಜಾಸ್ತಿಯಾದರೂ ಪರವಾಗಿಲ್ಲ. ತಂದ ದಿನವೇ ಖಾಲಿ ರೂಮಿನಲ್ಲಿ ಒಮ್ಮೆ ಪೂರ್ತಿ ಓಡಿಸಿ ಶಬ್ದ ಕೇಳಿಸಿಕೊಳ್ಳಿ, ವಾಪಸ್ ಕೊಡುವ ದಿನಗಳು ಬೇಗ ಮುಗಿಯುತ್ತವೆ. ಒಂದು ಡಬಲ್ ಎ ಸೆಲ್ ಬೇಕು, ಜೊತೆಗೆ ಬರುವುದಿಲ್ಲ. ಬಿಲ್ ಶಾಲೆಯ ಹೆಸರಿಗೆ ಬೇಕಿದ್ದರೆ ಆರ್ಡರ್ ಮಾಡುವಾಗಲೇ ಹಾಕಿಸಿಕೊಳ್ಳಿ.