ಡಿಲೀಟ್ ಆದ ಮೆಸೇಜ್ ವಾಪಸ್ ತರುವ ಆಪ್ ಹಾಕಬೇಡಿ, ನಮ್ಮ ಮನೆಯಲ್ಲಿ ಆದದ್ದು ಓದಿ

ಕಾರವಾರ, ಅಂಕೋಲಾ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯಲ್ಲಿ ಹಿರಿಯರಿದ್ದರೆ ಅವರಿಗೂ ಹೇಳಿ. ಅಳಿಸಿದ ಮೆಸೇಜ್ ಹುಡುಕಿಕೊಡುತ್ತದೆ ಅಂತ ನಮ್ಮ ಚಿಕ್ಕಪ್ಪನ ಫೋನಿಗೆ ಹಾಕಿದ ಒಂದು ಆಪ್‌ನಿಂದ ಅವರ ಖಾತೆಯಲ್ಲಿದ್ದ 38,000 ರೂಪಾಯಿ ಹೋಯಿತು. ಮೆಸೇಜ್ ಒಂದೂ ಬರಲಿಲ್ಲ.

ಚಿಕ್ಕಪ್ಪ ಕಾರವಾರದ ಬೈತಖೋಲ ಬಂದರಿನಲ್ಲಿ ಇನ್ನೊಬ್ಬರ ಜೊತೆ ಪಾಲಿನಲ್ಲಿ ಬೋಟ್ ನಡೆಸುತ್ತಾರೆ. ಮೀನು ಗೋವಾದ ಒಬ್ಬ ವ್ಯಾಪಾರಿಗೆ ಹೋಗುತ್ತದೆ. ಬಂಗುಡೆ ಇಷ್ಟು ಬುಟ್ಟಿ, ಸೀಗಡಿ ಇಷ್ಟು ಕಿಲೋ, ಇವತ್ತಿನ ದರ ಇಷ್ಟು, ಬಾಕಿ ಇಷ್ಟು ಅಂತ ಆ ಕಡೆಯ ಗುಮಾಸ್ತ ಎಸ್‌ಎಂಎಸ್ ಹಾಕುತ್ತಿದ್ದ. ಬಿಲ್ಲು ಗಿಲ್ಲು ಏನೂ ಇಲ್ಲ, ಆ ಮೆಸೇಜೇ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ, ಅಲ್ವಾ, ಬಾಕಿ ವಸೂಲಿಗೆ ಕೂರುವುದು ಆಗಲೇ. ಸರಿಯಾಗಿ ಆ ಹೊತ್ತಿಗೆ ನೋಡಿದರೆ ಫೋನಿನಲ್ಲಿ ಒಂದೂ ಮೆಸೇಜ್ ಇಲ್ಲ. ಮೆಮೊರಿ ಫುಲ್ ಅಂತ ಮನೆಯಲ್ಲಿ ಯಾರೋ ಹಳೆಯದನ್ನೆಲ್ಲ ಅಳಿಸಿದ್ದರು.

ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ ಕೇಳಿದರು. ನೂರಕ್ಕೆ ನೂರು ಬರುತ್ತದೆ ಅಂದ ಅಂಗಡಿಯವನು, ಪ್ಲೇ ಸ್ಟೋರ್ ತೆರೆಯದೆ, ವಾಟ್ಸಾಪ್‌ನಲ್ಲಿ ಒಂದು ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆಪ್ ಹಾಕುವ ಫೈಲ್) ಕಳಿಸಿ ಅದನ್ನೇ ಇನ್‌ಸ್ಟಾಲ್ ಮಾಡಿದ. ಇಂಥ ಆಪ್‌ಗಳು ಹಿಂಬಾಗಿಲಿನಿಂದ ಬರುವುದಕ್ಕೆ ಕಾರಣ ಇದೆ. ಕಂಡಕಂಡ ಆಪ್ ಎಸ್‌ಎಂಎಸ್ ಓದಬಾರದು ಅಂತ ಗೂಗಲ್ 2019ರಿಂದ ಪ್ಲೇ ಸ್ಟೋರ್‌ನಲ್ಲಿ ಬಿಗಿ ಮಾಡಿದೆ. ಆಪ್ ತೆರೆದ ಕೂಡಲೇ ಎಸ್‌ಎಂಎಸ್ ಅನುಮತಿ, ಕಾಂಟ್ಯಾಕ್ಟ್ ಅನುಮತಿ ಕೇಳಿತು. ಆಮೇಲೆ ತನ್ನನ್ನೇ ಡಿಫಾಲ್ಟ್ ಮೆಸೇಜ್ ಆಪ್, ಅಂದರೆ ಎಸ್‌ಎಂಎಸ್ ಎಲ್ಲ ನೋಡಿಕೊಳ್ಳುವ ಮುಖ್ಯ ಆಪ್ ಮಾಡಿ ಅಂದಿತು. ಅಂಗಡಿಯವನು ಎಲ್ಲದಕ್ಕೂ ಅಲೋ ಒತ್ತಿದ.

ನಂತರ ಸ್ಕ್ರೀನ್ ಮೇಲೆ ಉದ್ದದ ಪಟ್ಟಿ ಬಂತು. ಹೆಸರುಗಳು ಸ್ಪಷ್ಟ, ಮೆಸೇಜ್ ಮಾತ್ರ ಮಸುಕು. ವ್ಯಾಪಾರಿಯ ಹೆಸರು ಕಂಡಿದ್ದೇ ಚಿಕ್ಕಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಆ ಹೆಸರು ಬಂದದ್ದು ಅವರದೇ ಕಾಂಟ್ಯಾಕ್ಟ್ ಪಟ್ಟಿಯಿಂದ! ಆ ಮಸುಕಿನ ಹಿಂದೆ ಮೆಸೇಜ್ ಇರಲೇ ಇಲ್ಲ. ಓದಬೇಕಾದರೆ 499 ರೂಪಾಯಿ ಕಟ್ಟಿ, ಅದೂ ಡೆಬಿಟ್ ಕಾರ್ಡ್‌ನಲ್ಲೇ ಕಟ್ಟಿ ಅಂತ ಕಾರ್ಡ್ ನಂಬರ್, ಹಿಂದಿನ ಮೂರು ಅಂಕಿ ಎಲ್ಲ ಹಾಕಿಸಿಕೊಂಡಿತು. ಕಟ್ಟಿದ ಮೇಲೆ, ಹುಡುಕಾಟ ನಡೆಯುತ್ತಿದೆ, 24 ಗಂಟೆ ಫೋನ್ ಆಫ್ ಮಾಡಬೇಡಿ ಅಂತ ತೋರಿಸಿತು.

ಆ 24 ಗಂಟೆ ಆಪ್ ಹಿಂದಿನ ಮೋಸಗಾರರಿಗೆ ಬೇಕಾಗಿತ್ತು. ಕಾರ್ಡ್ ವಿವರ ಕೈಗೆ ಸಿಕ್ಕಿದೆ, ಒಟಿಪಿ ಬಂದರೆ ಓದುವುದು ಅದೇ ಆಪ್. ರಾತ್ರಿ ಆನ್‌ಲೈನ್ ಖರೀದಿ ಮೇಲೆ ಖರೀದಿ. ದುಡ್ಡು ಕಡಿತವಾಯಿತು ಅಂತ ಬ್ಯಾಂಕ್ ಕಳಿಸಿದ ಎಸ್‌ಎಂಎಸ್‌ಗಳೂ ಚಿಕ್ಕಪ್ಪನಿಗೆ ಕಾಣಲಿಲ್ಲ. ಡಿಫಾಲ್ಟ್ ಆದ ಆಪ್‌ಗೆ ಬಂದ ಮೆಸೇಜನ್ನು ತೋರಿಸದೆ ಇಡುವುದೂ ಗೊತ್ತು, ಅಳಿಸುವುದೂ ಗೊತ್ತು. ಬಲೆ ರಿಪೇರಿಗೆ ದುಡ್ಡು ತೆಗೆಯಲು ಎಟಿಎಂಗೆ ಹೋದಾಗಲೇ ವಿಷಯ ತಿಳಿದದ್ದು.

ಅಳಿಸಿದ ಮೆಸೇಜ್ ತರುತ್ತೇವೆ ಅನ್ನುವವರ ಮಾತು ಜನ ನಂಬುವುದಕ್ಕೆ ಕಾರಣ, ಅದರಲ್ಲಿ ಅರ್ಧ ಸತ್ಯ ಇದೆ. ಆಂಡ್ರಾಯ್ಡ್‌ನಲ್ಲಿ ಎಸ್‌ಎಂಎಸ್ ಎಲ್ಲ ಒಂದು ಡೇಟಾಬೇಸ್ ಫೈಲ್‌ನಲ್ಲಿ ಇರುತ್ತದೆ, ಅಳಿಸಿದ ಮೇಲೂ ಆ ಜಾಗದ ಮೇಲೆ ಹೊಸದು ಬರೆಯುವ ತನಕ ಹಳೆಯ ಅಕ್ಷರ ಸ್ವಲ್ಪ ದಿನ ಉಳಿಯಬಹುದು. ಆದರೆ ಆ ಫೈಲ್ ಅನ್ನು ಸಾಮಾನ್ಯ ಆಪ್ ಮುಟ್ಟಲಾಗುವುದಿಲ್ಲ. ಅದಕ್ಕೆ ಫೋನ್ ರೂಟ್ ಮಾಡಬೇಕು, ಅಂದರೆ ಫೋನಿನ ಒಳಗಿನ ಪೂರ್ತಿ ಹಿಡಿತ ತೆಗೆದುಕೊಳ್ಳಬೇಕು. ರೂಟ್ ಮಾಡಲು ಬೂಟ್‌ಲೋಡರ್ (ಫೋನ್ ಶುರು ಮಾಡುವ ಒಳಗಿನ ಪ್ರೋಗ್ರಾಂ) ಬೀಗ ತೆರೆಯಬೇಕು, ತೆರೆದರೆ ಫೋನಿನಲ್ಲಿ ಇದ್ದದ್ದೆಲ್ಲ ಒರೆಸಿಹೋಗುತ್ತದೆ. ಹಾಗಿರುವಾಗ ಅಂಗಡಿಯಲ್ಲಿ ನಿಂತ ಜಾಗದಲ್ಲೇ ತರುತ್ತೇನೆ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ, ಅಷ್ಟೇ.

ನಿಮ್ಮ ಮೆಸೇಜ್ ಕಾಣದಿದ್ದರೆ ಮೊದಲು ಫೋನಿನ ಒಳಗೇ ನೋಡಿ, ದುಡ್ಡು ಬೇಡ. ಗೂಗಲ್ ಮೆಸೇಜಸ್‌ನಲ್ಲಿ ಆರ್ಕೈವ್ಡ್ (ಅಳಿಸದೆ ಬದಿಗೆ ಎತ್ತಿಟ್ಟದ್ದು) ಅಂತ ಇದೆ, ಸ್ಪ್ಯಾಮ್ ಮತ್ತು ಬ್ಲಾಕ್ಡ್ ಅಂತ ಇದೆ. ಬೆರಳು ತಾಗಿ ಆರ್ಕೈವ್‌ಗೆ ಹೋದದ್ದನ್ನೇ ಎಷ್ಟೋ ಜನ ಡಿಲೀಟ್ ಆಯಿತು ಅಂದುಕೊಳ್ಳುತ್ತಾರೆ. ಸ್ಯಾಮ್ಸಂಗ್ ಮೆಸೇಜ್ ಆಪ್‌ನಲ್ಲಿ ಟ್ರ್ಯಾಶ್ ಇದೆ, 30 ದಿನ ಇರುತ್ತದೆ. ಐಫೋನ್‌ನಲ್ಲಿ ಐಒಎಸ್ 16 ಬಂದ ಮೇಲೆ ರೀಸೆಂಟ್ಲಿ ಡಿಲೀಟೆಡ್ ಇದೆ, ಅಲ್ಲೂ 30 ದಿನ. ಆಂಡ್ರಾಯ್ಡ್ 11ರಿಂದ ನೋಟಿಫಿಕೇಶನ್ ಹಿಸ್ಟರಿ ಅಂತಲೂ ಇದೆ, ಮೊದಲೇ ಆನ್ ಮಾಡಿಟ್ಟಿದ್ದರೆ ಕಳೆದ 24 ಗಂಟೆಯದು ಸಿಗುತ್ತದೆ. ಗೂಗಲ್ ಬ್ಯಾಕಪ್‌ನಲ್ಲಿ ಎಸ್‌ಎಂಎಸ್ ಇರಬಹುದು, ಆದರೆ ಅದು ವಾಪಸ್ ಬರುವುದು ಹೊಸ ಫೋನ್ ಅಥವಾ ರೀಸೆಟ್ ಮಾಡಿದ ಫೋನ್ ಶುರು ಮಾಡುವಾಗ. ಬ್ಯಾಕಪ್‌ನ ದಿನಾಂಕ ನೋಡದೆ ಸುಮ್ನೆ ರೀಸೆಟ್ ಮಾಡಬೇಡಿ, ಇರುವುದೂ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಆ ಮೆಸೇಜ್ ಇನ್ಯಾರ ಹತ್ತಿರ ಇದೆ ಅಂತ ಯೋಚಿಸಿ. ನಮಗೆ ಲೆಕ್ಕ ಸಿಕ್ಕಿದ್ದು ಹಾಗೆಯೇ. ಗುಮಾಸ್ತ ಪಾಲುದಾರರಿಗೂ ಅದೇ ಮೆಸೇಜ್ ಹಾಕುತ್ತಿದ್ದ, ಅವರ ಹಳೇ ಫೋನಿನಲ್ಲಿ ಎಲ್ಲ ಹಾಗೇ ಇತ್ತು. ದುಡ್ಡು ಬಂದ ದಿನಾಂಕಗಳು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಸಿಕ್ಕವು. ಎರಡನ್ನೂ ಇಟ್ಟುಕೊಂಡು ಕೂತು ಬಾಕಿ ತೀರಿಸಿಕೊಂಡರು.

ಇಂಥ ಆಪ್ ಈಗಾಗಲೇ ನಿಮ್ಮ ಫೋನಿನಲ್ಲಿದ್ದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ದೂರಿನ ನಂಬರ್ ಬರೆದುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ನೀವು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು, ಹಾಗಾಗಿ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆಪ್‌ನ, ಅದು ಕೇಳಿದ ಅನುಮತಿಗಳ ಫೋಟೋ ಇನ್ನೊಂದು ಫೋನಿನಲ್ಲಿ ತೆಗೆದುಕೊಂಡು ಆಮೇಲೆ ಅದನ್ನು ತೆಗೆದುಹಾಕಿ, ಇಲ್ಲದಿದ್ದರೆ ದೂರು ಕೊಡುವಾಗ ತೋರಿಸಲು ಏನೂ ಉಳಿಯುವುದಿಲ್ಲ. ನಮ್ಮ ದೂರು ದಾಖಲಾಗಿದೆ. ಒಂದು ಖರೀದಿಯ ದುಡ್ಡು ತಡೆಹಿಡಿದಿದ್ದಾರೆ, ಉಳಿದದ್ದು ಇನ್ನೂ ಬಂದಿಲ್ಲ.